ಒಂದೇ ವಸ್ತುವನ್ನು ಎರಡು ಸಲ ಎಣಿಸದಿರಲು ಯಾವ ದಾರಿ ಹಿಡಿಯಬೇಕು?

ಪಿಯುಸಿ ಓದುವವರು, ಸಿಇಟಿಗೆ ಕೂರುವವರು, ಕೋಡಿಂಗ್ ಇಂಟರ್‌ವ್ಯೂಗೆ ತಯಾರಾಗುವವರು, ಎಲ್ಲರದೂ ಒಂದೇ ಗೋಳು. ಪರ್ಮ್ಯುಟೇಶನ್ (ಕ್ರಮ ನೋಡಿ ಜೋಡಿಸುವುದು), ಕಾಂಬಿನೇಶನ್ (ಕ್ರಮ ನೋಡದೆ ಆರಿಸುವುದು) ಎರಡರ ಫಾರ್ಮುಲಾನೂ ಬಾಯಿಗೆ ಬರುತ್ತದೆ. ಆದರೂ ಉತ್ತರ ಜಾಸ್ತಿ ಬಂದುಬಿಡುತ್ತದೆ. ಎಲ್ಲೋ ಒಂದು ಕಡೆ ಒಂದೇ ವಸ್ತು ಎರಡು ಮೂರು ಸಲ ಲೆಕ್ಕಕ್ಕೆ ನುಸುಳಿರುತ್ತದೆ. ಅದನ್ನು ತೆಗೆಯಲು ಭಾಗಿಸಬೇಕಾ? ಕಳೆಯಬೇಕಾ? ಕೇಸು ಕೇಸಾಗಿ ಒಡೆದು ಎಣಿಸಬೇಕಾ? ಇಲ್ಲಾ ಸುಮ್ನೆ ಒಂದು ಪ್ರೋಗ್ರಾಂ ಬರೆದು ಮುಗಿಸಬೇಕಾ?

ಎಲ್ಲ ದಾರಿಗಳೂ ಸರಿಯೇ. ಆದರೆ ಒಂದೊಂದು ಲೆಕ್ಕಕ್ಕೆ ಒಂದೊಂದು ಹೊಂದುತ್ತದೆ. ಆರಿಸುವ ಮುಂಚೆ ಕಾಯಿಲೆ ಯಾವುದು ಅಂತ ಗೊತ್ತಿರಬೇಕು. ಅದಕ್ಕೆ ಈ ಲೆಕ್ಕ ನೋಡಿ.

ಜಯನಗರದ ಒಂದು ಅಪಾರ್ಟ್‌ಮೆಂಟ್ ಅಂದುಕೊಳ್ಳಿ. ಸಂಘದ ಸಮಿತಿಗೆ 9 ಜನ ನಿಂತಿದ್ದಾರೆ. 4 ಜನ ಹೆಂಗಸರು, 5 ಜನ ಗಂಡಸರು. ಸಮಿತಿಯಲ್ಲಿ 4 ಜನ ಇರಬೇಕು, ಅವರಲ್ಲಿ ಕಡೇಪಕ್ಷ ಇಬ್ಬರು ಹೆಂಗಸರಾಗಿರಬೇಕು. ಎಷ್ಟು ಬಗೆಯ ಸಮಿತಿ ಮಾಡಬಹುದು?

ಮುಕ್ಕಾಲು ಪಾಲು ಜನ ಹೀಗೆ ಹೋಗುತ್ತಾರೆ. ಮೊದಲು ಇಬ್ಬರು ಹೆಂಗಸರನ್ನು ಆರಿಸಿಬಿಡೋಣ, ಷರತ್ತು ಮುಗಿಯಿತು. ನಾಲ್ವರಲ್ಲಿ ಇಬ್ಬರು ಅಂದರೆ 6 ವಿಧ. ಇನ್ನು ಉಳಿದ 7 ಜನರಲ್ಲಿ ಯಾರಾದರೂ ಇಬ್ಬರು, 21 ವಿಧ. ಗುಣಿಸಿದರೆ 126.

ಓದಲು ಎಷ್ಟು ಸಲೀಸಾಗಿದೆ ಅಲ್ವಾ? ಆದರೆ ಯಾವ ಷರತ್ತೂ ಇಲ್ಲದೆ 9 ಜನರಲ್ಲಿ 4 ಜನರನ್ನು ಆರಿಸಿದರೂ ಬರುವುದು 126. ಬರೀ ಗಂಡಸರೇ ಇರುವ ಸಮಿತಿಗಳೂ ಅದರೊಳಗಿವೆ. ಷರತ್ತು ಹಾಕಿದ ಮೇಲೂ ಒಂದೂ ಕಡಿಮೆಯಾಗಲಿಲ್ಲ ಅಂದರೆ ಏನೋ ಎಡವಟ್ಟಾಗಿದೆ.

ಒಂದು ಸಮಿತಿಯನ್ನು ಹತ್ತಿರದಿಂದ ನೋಡಿ. ಸುಮಾ, ಲತಾ, ರೇಖಾ, ರಘು. ಮೊದಲು ಸುಮಾ–ಲತಾ ಆರಿಸಿ, ಆಮೇಲೆ ರೇಖಾ–ರಘು ಸೇರಿಸಿದರೂ ಈ ಸಮಿತಿ ಬರುತ್ತದೆ. ಸುಮಾ–ರೇಖಾ ಮೊದಲು, ಲತಾ–ರಘು ಆಮೇಲೆ ಅಂದರೂ ಇದೇ. ಲತಾ–ರೇಖಾ ಮೊದಲು ಅಂದರೂ ಇದೇ. ಒಂದೇ ಸಮಿತಿ ಮೂರು ಸಲ ಎಣಿಕೆಯಾಯಿತು. ನಾಲ್ವರೂ ಹೆಂಗಸರಿದ್ದರೆ ಆರು ಸಲ. ಇಬ್ಬರೇ ಇದ್ದರೆ ಮಾತ್ರ ಒಂದೇ ಸಲ.

ಈಗ ನಿಜವಾದ ಲೆಕ್ಕ ಹಾಕಿ. ಇಬ್ಬರು ಹೆಂಗಸರಿರುವ ಸಮಿತಿ 60, ಮೂವರಿರುವುದು 20, ನಾಲ್ವರಿರುವುದು 1. ಒಟ್ಟು 81. ತಪ್ಪು ಲೆಕ್ಕದಲ್ಲಿ ಇವೇ 60×1, 20×3, 1×6 ಆಗಿ ಸೇರಿವೆ. ಕೂಡಿಸಿದರೆ 126. ತಪ್ಪು ಎಲ್ಲಿಂದ ಬಂತು ಅಂತ ಪೈಸೆ ಪೈಸೆಗೂ ಲೆಕ್ಕ ಸಿಕ್ಕಿತು.

ಯಾವುದನ್ನು ನೋಡಿ ಆರಿಸಬೇಕು

ಮೇಲಿನ ಲೆಕ್ಕದಿಂದಲೇ ಮೊದಲ ಅಳತೆಗೋಲು ಸಿಗುತ್ತದೆ: ಪ್ರತಿ ವಸ್ತುವೂ ಅಷ್ಟಷ್ಟೇ ಸಲ ಎಣಿಕೆಯಾಗುತ್ತಿದೆಯಾ, ಇಲ್ಲ ಒಂದೊಂದು ಒಂದೊಂದು ಥರವಾ? ನನ್ನ ಪ್ರಕಾರ ಇದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಎಲ್ಲವೂ ಸಮಸಮ ಆರು ಸಲ ಬಂದಿದ್ದರೆ ಆರರಿಂದ ಭಾಗಿಸಿ ಎದ್ದು ಹೋಗಬಹುದು. ಒಂದು ಆರು ಸಲ, ಇನ್ನೊಂದು ಮೂರು ಸಲ, ಮತ್ತೊಂದು ಒಂದೇ ಸಲ ಬಂದಿದ್ದರೆ ಯಾವ ಸಂಖ್ಯೆಯಿಂದ ಭಾಗಿಸಿದರೂ ಸರಿಹೋಗದು.

ಎರಡನೆಯದು ಷರತ್ತುಗಳು. ಎಷ್ಟಿವೆ, ಒಂದರ ಮೇಲೊಂದು ಬೀಳುತ್ತವೆಯಾ?

ಮೂರನೆಯದು ಸಮಯ. ಇಲ್ಲಿ ಖರ್ಚಾಗುವುದು ದುಡ್ಡಲ್ಲ, ಸೆಕೆಂಡು. ಕರ್ನಾಟಕ ಸಿಇಟಿಯ ಗಣಿತದಲ್ಲಿ 60 ಪ್ರಶ್ನೆಗೆ 80 ನಿಮಿಷ. ಸರಾಸರಿ ಒಂದಕ್ಕೆ 80 ಸೆಕೆಂಡು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಜೆಇಇ ಮೇನ್‌ನಲ್ಲಿ ಕಳೆಯುತ್ತಾರೆ. ಹೀಗಾಗಿ ಒಂದೇ ಲೆಕ್ಕಕ್ಕೆ ಎರಡು ಪರೀಕ್ಷೆಯಲ್ಲಿ ಎರಡು ದಾರಿ ಹಿಡಿಯುವುದು ಜಾಣತನವೇ.

ಕೊನೆಯದು, ನಿಮ್ಮ ತಪ್ಪು ನಿಮಗೇ ಕಾಣುತ್ತದೆಯಾ ಅನ್ನುವುದು. ಕೆಲವು ದಾರಿಗಳಲ್ಲಿ ತಪ್ಪಿದರೆ ಉತ್ತರವೇ ಕೂಗಿ ಹೇಳುತ್ತದೆ. ಕೆಲವದರಲ್ಲಿ ಸದ್ದೇ ಇರುವುದಿಲ್ಲ. 126 ಕೂಡ ಯಾವುದೋ ಪ್ರಶ್ನೆಪತ್ರಿಕೆಯ ನಾಲ್ಕು ಆಯ್ಕೆಗಳಲ್ಲಿ ಒಂದಾಗಿ ನಗುತ್ತಾ ಕೂತಿರುತ್ತದೆ.

ಭಾಗಿಸುವುದು

ಎಲ್ಲಕ್ಕಿಂತ ಬೇಗ ಮುಗಿಯುವ ದಾರಿ. ಎಲ್ಲವೂ ಬೇರೆಬೇರೆ ಅಂದುಕೊಂಡು ಎಣಿಸಿ, ಆಮೇಲೆ ಒಂದೊಂದು ಎಷ್ಟು ಸಲ ಬಂದಿದೆಯೋ ಅದರಿಂದ ಭಾಗಿಸಿ.

ಕನಕಪುರ ರಸ್ತೆಯ ಬೋರ್ಡು ನೋಡಿ. ‘ಕನಕಪುರ’ದಲ್ಲಿ ಐದು ಅಕ್ಷರ: ಕ, ನ, ಕ, ಪು, ರ. ಐದನ್ನೂ ಹೇಗೆ ಬೇಕೋ ಹಾಗೆ ಜೋಡಿಸಿದರೆ 5! (5×4×3×2×1) ಅಂದರೆ 120. ಆದರೆ ಎರಡು ‘ಕ’ಗಳನ್ನು ಅದಲು ಬದಲು ಮಾಡಿದರೆ ಬೋರ್ಡಿನಲ್ಲಿ ಏನೂ ಬದಲಾಗದು. ಪ್ರತಿ ಜೋಡಣೆಯೂ ಎರಡೇ ಸಲ ಬಂದಿದೆ, ಒಂದೂ ತಪ್ಪದೆ. 120 ಭಾಗಿಸು 2, ಉತ್ತರ 60. ‘ಕನಕನಗರ’ ಆದರೆ ಆರು ಅಕ್ಷರ, ಎರಡು ‘ಕ’, ಎರಡು ‘ನ’. 720 ಭಾಗಿಸು 4, ಉತ್ತರ 180.

ಇದು ನಮ್ಮ ನೆಲದಲ್ಲಿ ಹಳೆಯ ವಿದ್ಯೆ. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯರು 2, 2, 1, 1 ಈ ಅಂಕಿಗಳಿಂದ ಎಷ್ಟು ಸಂಖ್ಯೆ ಮಾಡಬಹುದು ಅಂತ ಕೇಳುತ್ತಾರೆ. ಉತ್ತರ 6. 4, 8, 5, 5, 5 ಕೊಟ್ಟು ಕೇಳುತ್ತಾರೆ. ಉತ್ತರ 20. ಅದಕ್ಕೂ ಮುನ್ನೂರು ವರ್ಷ ಹಿಂದೆ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಕಾಂಬಿನೇಶನ್‌ನ ಸಾಮಾನ್ಯ ಸೂತ್ರ ಕೊಟ್ಟಿದ್ದರು. ಆ ಸೂತ್ರವೂ ಭಾಗಾಕಾರವೇ ಅನ್ನುವುದನ್ನು ಗಮನಿಸಿ. 9 ಜನರಲ್ಲಿ 4 ಜನ ಅಂದಾಗ 9×8×7×6 ಅನ್ನು 24ರಿಂದ ಭಾಗಿಸುತ್ತೀರಿ. ಆ ನಾಲ್ವರು 24 ಕ್ರಮದಲ್ಲಿ ಬಂದಿರುತ್ತಾರೆ, ಯಾವ ನಾಲ್ವರನ್ನು ಹಿಡಿದರೂ 24. ಸಮಸಮ ಇದೆ, ಅದಕ್ಕೇ ಸೂತ್ರ ಕೆಲಸ ಮಾಡುತ್ತದೆ.

ಗುಂಪು ಮಾಡುವ ಲೆಕ್ಕದಲ್ಲಿ ಸ್ವಲ್ಪ ಎಚ್ಚರ ಬೇಕು. ಲ್ಯಾಬ್‌ನಲ್ಲಿ 6 ಜನರನ್ನು ಮೂರು ಜೋಡಿ ಮಾಡಬೇಕು. ಮೊದಲ ಜೋಡಿಗೆ 15 ವಿಧ, ಎರಡನೆಯದಕ್ಕೆ 6, ಮೂರನೆಯದಕ್ಕೆ 1. ಒಟ್ಟು 90. ಮೂರು ಟೇಬಲ್ಲಿನಲ್ಲಿ ಮೂರು ಬೇರೆಬೇರೆ ಪ್ರಯೋಗ ಇದ್ದರೆ 90 ಸರಿ. ಯಾರಿಗೆ ಯಾರು ಜೋಡಿ ಅನ್ನುವುದಷ್ಟೇ ಬೇಕಿದ್ದರೆ ಮೊದಲ, ಎರಡನೆಯ, ಮೂರನೆಯ ಅನ್ನುವ ಹೆಸರುಗಳಿಗೆ ಅರ್ಥವಿಲ್ಲ. 3! ಅಂದರೆ 6ರಿಂದ ಭಾಗಿಸಿ, 15. 7 ಜನರನ್ನು 3, 2, 2 ಅಂತ ಒಡೆದರೆ? 35 ಗುಣಿಸು 6, ಅಂದರೆ 210. ಇಲ್ಲಿ 6ರಿಂದ ಭಾಗಿಸಬಾರದು. ಮೂವರ ಗುಂಪು ತನ್ನ ಗಾತ್ರದಿಂದಲೇ ಬೇರೆಯಾಗಿ ಕಾಣುತ್ತದೆ. ಅದಲು ಬದಲಾಗುವುದು ಇಬ್ಬರಿಬ್ಬರ ಎರಡು ಗುಂಪು ಮಾತ್ರ. 2ರಿಂದ ಭಾಗಿಸಿ, 105.

ಇನ್ನು ಈ ದಾರಿ ಕೈಕೊಡುವ ಜಾಗ. ಬಸವನಗುಡಿಯ ಯಾವುದಾದರೂ ದರ್ಶಿನಿಗೆ ಹೋಗಿ. ಇಡ್ಲಿ, ವಡೆ, ದೋಸೆ, ಖಾರಾಬಾತ್, ಕೇಸರಿಬಾತ್, ಐದು ತಿಂಡಿ ಇವೆ. ಮೂರು ಪ್ಲೇಟು ಪಾರ್ಸೆಲ್ ಬೇಕು, ಒಂದೇ ತಿಂಡಿ ಮತ್ತೆ ತಗೊಂಡರೂ ಪರವಾಗಿಲ್ಲ. ಎಷ್ಟು ಬಗೆಯ ಪಾರ್ಸೆಲ್? 5×5×5 ಅಂದರೆ 125. ಕ್ರಮ ಮುಖ್ಯವಲ್ಲ, ಹಾಗಾಗಿ 3! ಇಂದ ಭಾಗಿಸೋಣ ಅಂತ ಹೊರಟರೆ 20.83. ಮುಕ್ಕಾಲು ಪಾರ್ಸೆಲ್ ಯಾರೂ ಕಟ್ಟಿಕೊಡುವುದಿಲ್ಲ.

ಕಾರಣ ಅದೇ. ಇಡ್ಲಿ–ವಡೆ–ದೋಸೆ ಆರು ಸಲ ಬಂದಿದೆ. ಇಡ್ಲಿ–ಇಡ್ಲಿ–ವಡೆ ಮೂರು ಸಲ. ಮೂರೂ ಇಡ್ಲಿಯಾದರೆ ಒಂದೇ ಸಲ.

ಉತ್ತರ ಪೂರ್ಣಾಂಕ ಬರದಿದ್ದರೆ ತಪ್ಪು ಖಂಡಿತ. ಪೂರ್ಣಾಂಕ ಬಂದರೆ ಸರಿ ಅಂತ ಮಾತ್ರ ನಂಬಬೇಡಿ. ಇದರ ಉದಾಹರಣೆ ಮಣಿಸರದ ಲೆಕ್ಕದಲ್ಲಿ ಬರುತ್ತದೆ.

ಮೊದಲೇ ಕ್ರಮ ಕಟ್ಟಿಕೊಳ್ಳುವುದು

ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಇದು. ಶಾಲೆ ಕಾಲೇಜುಗಳಲ್ಲಿ ಇದಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ. ತಪ್ಪು ಮಾಡಿ ತಿದ್ದುವ ಬದಲು, ಒಂದು ವಸ್ತುವಿಗೆ ಒಂದೇ ಹೆಸರು ಇರುವಂತೆ ಮೊದಲೇ ಕಟ್ಟುಪಾಡು ಮಾಡಿಕೊಳ್ಳುವುದು.

ಪಾರ್ಸೆಲ್ ಲೆಕ್ಕವನ್ನೇ ತಗೊಳ್ಳಿ. ಆರ್ಡರನ್ನು ಮೆನು ಬೋರ್ಡಿನ ಕ್ರಮದಲ್ಲೇ ಬರೆಯಬೇಕು ಅಂತ ನಿಯಮ ಹಾಕಿ. ‘ವಡೆ, ಇಡ್ಲಿ, ಇಡ್ಲಿ’ ಅಂತ ಬರೆಯುವಂತಿಲ್ಲ, ‘ಇಡ್ಲಿ, ಇಡ್ಲಿ, ವಡೆ’ ಅಂತಲೇ ಬರೆಯಬೇಕು. ಈಗ ಒಂದು ಪಾರ್ಸೆಲ್ಲಿಗೆ ಒಂದೇ ಬರಹ. ಅದನ್ನು ಚುಕ್ಕಿ ಮತ್ತು ಗೆರೆಯಲ್ಲಿ ಬರೆದರೆ ಎಣಿಸುವುದು ಸಲೀಸು. ಐದು ತಿಂಡಿಯ ನಡುವೆ ನಾಲ್ಕು ಗೆರೆ, ಮೂರು ಪ್ಲೇಟಿಗೆ ಮೂರು ಚುಕ್ಕಿ.

••||•||

ಎರಡು ಇಡ್ಲಿ, ವಡೆ ಇಲ್ಲ, ಒಂದು ದೋಸೆ, ಕೊನೆಯ ಎರಡೂ ಇಲ್ಲ. ಒಟ್ಟು ಏಳು ಜಾಗ, ಅದರಲ್ಲಿ ಚುಕ್ಕಿಗೆ ಮೂರು ಜಾಗ ಆರಿಸಬೇಕು. ಉತ್ತರ 35. ನಂಬಿಕೆ ಬರದಿದ್ದರೆ ಬಿಡಿಸಿ ನೋಡಿ. ಮೂರೂ ಬೇರೆಯಾದವು 10, ಎರಡು ಒಂದೇ ಆದವು 20, ಮೂರೂ ಒಂದೇ ಆದವು 5.

ಲ್ಯಾಬ್ ಜೋಡಿಗೂ ಇದು ಒಪ್ಪುತ್ತದೆ. ರೋಲ್ ನಂಬರ್ ಎಲ್ಲಕ್ಕಿಂತ ಕಡಿಮೆ ಇರುವವರು ಮೊದಲು ಜೊತೆಗಾರರನ್ನು ಆರಿಸಲಿ, 5 ವಿಧ. ಉಳಿದ ನಾಲ್ವರಲ್ಲಿ ಕಡಿಮೆ ನಂಬರಿನವರು ಆರಿಸಲಿ, 3 ವಿಧ. ಉಳಿದಿಬ್ಬರು ಜೋಡಿ. 5×3×1, ಅಂದರೆ 15. ಭಾಗಾಕಾರವೇ ಬೇಕಾಗಲಿಲ್ಲ. ಎಷ್ಟರಿಂದ ಭಾಗಿಸಬೇಕು ಅನ್ನುವ ತಲೆಬಿಸಿಯೂ ಇಲ್ಲ.

ಇದರ ಬೆಲೆ ಏನಂದರೆ, ಒಳ್ಳೆಯ ನಿಯಮ ಹೊಳೆಯಬೇಕು. ಅದಕ್ಕೆ ಅಭ್ಯಾಸ ಬೇಕು. ಪರೀಕ್ಷೆಯ ಹಾಲ್‌ನಲ್ಲಿ ಹೊಳೆಯದಿದ್ದರೆ ಸುಮ್ನೆ ಕಾಯುತ್ತಾ ಕೂರಬೇಡಿ. ಮತ್ತೆ ಈ ನಿಯಮದ ಜೊತೆಗೆ ‘ಅಕ್ಕಪಕ್ಕ ಬರಬಾರದು’ ಅನ್ನುವಂಥ ಬೇರೆ ಷರತ್ತು ಸೇರಿದರೆ ಎರಡೂ ಸೇರಿ ಲೆಕ್ಕ ಗೋಜಲಾಗುತ್ತದೆ.

ಕೇಸು, ಕಳೆಯುವುದು, ಕೂಡಿ ಕಳೆಯುವುದು: ಮೂರನ್ನೂ ಒಂದೇ ಲೆಕ್ಕದ ಮೇಲೆ ಇಟ್ಟು ನೋಡೋಣ

ಕೆಎ 05 ಅಂದರೆ ಜಯನಗರ ಆರ್‌ಟಿಒ. ಅಲ್ಲಿನ ಒಂದು ಸೀರೀಸ್‌ನಲ್ಲಿ ಕೊನೆಯ ನಾಲ್ಕು ಅಂಕಿ 0001ರಿಂದ 9999ರವರೆಗೆ. ಅದರಲ್ಲಿ ಕಡೇಪಕ್ಷ ಒಂದು 9 ಇರುವ ನಂಬರ್ ಎಷ್ಟು? (0000 ಯಾರಿಗೂ ಸಿಗುವುದಿಲ್ಲ. ಅದರಲ್ಲಿ 9 ಇಲ್ಲ, ಹಾಗಾಗಿ 10,000 ನಂಬರ್ ಇವೆ ಅಂತಲೇ ಲೆಕ್ಕ ಹಾಕಿದರೂ ಉತ್ತರ ಬದಲಾಗದು.)

ತಪ್ಪು ದಾರಿ ಹೀಗೆ: 9ಕ್ಕೆ ಒಂದು ಜಾಗ ಆರಿಸಿ, 4 ವಿಧ. ಉಳಿದ ಮೂರು ಜಾಗಕ್ಕೆ ಏನಾದರೂ ಹಾಕಿ, 1000 ವಿಧ. ಒಟ್ಟು 4000. ಇಲ್ಲಿ 9199 ಮೂರು ಸಲ ಬಂದಿದೆ, 9999 ನಾಲ್ಕು ಸಲ, 1239 ಒಂದೇ ಸಲ. ಸಮಸಮ ಇಲ್ಲ. ಭಾಗಿಸುವ ಮಾತೇ ಬೇಡ.

ಕೇಸು ಮಾಡಿದರೆ: ಸರಿಯಾಗಿ ಒಂದೇ 9 ಇರುವುದು 4×729 ಅಂದರೆ 2916. ಎರಡು ಇರುವುದು 6×81 ಅಂದರೆ 486. ಮೂರು ಇರುವುದು 4×9 ಅಂದರೆ 36. ನಾಲ್ಕೂ 9 ಆದದ್ದು 1. ಕೂಡಿಸಿದರೆ 3439. ಒಂದಕ್ಕೊಂದು ತಾಗದ ಕೇಸುಗಳಾದ್ದರಿಂದ ಯಾವುದೂ ಎರಡು ಸಲ ಬರಲು ಸಾಧ್ಯವೇ ಇಲ್ಲ.

ಒಟ್ಟಿನಿಂದ ಕಳೆದರೆ: 9 ಇಲ್ಲದೇ ಇರುವುದು 9×9×9×9, ಅಂದರೆ 6561. 10,000ದಿಂದ ಕಳೆಯಿರಿ, 3439. ಒಂದೇ ಸಾಲು.

ಕೂಡಿ ಕಳೆಯುವುದು, ಅಂದರೆ ಇನ್‌ಕ್ಲೂಶನ್–ಎಕ್ಸ್‌ಕ್ಲೂಶನ್: ಆ 4000ದಿಂದಲೇ ಶುರು ಮಾಡಿ. ಎರಡು ಜಾಗದಲ್ಲಿ 9 ಇರುವುದನ್ನು ಕಳೆಯಿರಿ, 6×100. ಈಗ ಜಾಸ್ತಿ ಕಳೆದುಹೋಯಿತು, ಮೂರು ಜಾಗದಲ್ಲಿ 9 ಇರುವುದನ್ನು ಕೂಡಿಸಿ, 4×10. ಮತ್ತೆ ಜಾಸ್ತಿಯಾಯಿತು, ನಾಲ್ಕೂ ಜಾಗದ್ದನ್ನು ಕಳೆಯಿರಿ, 1. ಸಾರಿಗೆ ಉಪ್ಪು ಜಾಸ್ತಿಯಾಯಿತು ಅಂತ ನೀರು, ನೀರು ಜಾಸ್ತಿಯಾಯಿತು ಅಂತ ಮತ್ತೆ ಉಪ್ಪು ಹಾಕಿದ ಹಾಗೆ. ಆದರೆ ಇಲ್ಲಿ ಕೊನೆಗೆ ಹದ ಸರಿಯಾಗಿಯೇ ಬರುತ್ತದೆ. 4000 − 600 + 40 − 1, ಅಂದರೆ 3439.

ಈ ಲೆಕ್ಕಕ್ಕೆ ಕಳೆಯುವ ದಾರಿಯೇ ರಾಜ. ‘ಕಡೇಪಕ್ಷ ಒಂದು’ ಅನ್ನುವ ಮಾತು ಕಂಡರೆ ಮೊದಲು ಅದನ್ನೇ ಪ್ರಯತ್ನಿಸಿ. ಆದರೆ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿದರೂ ಲೆಕ್ಕಾಚಾರ ಬದಲಾಗುತ್ತದೆ. ‘ಸರಿಯಾಗಿ ಎರಡು 9’ ಅಂತ ಕೇಳಿದರೆ ಕಳೆಯುವುದರಿಂದ ಏನೂ ಪ್ರಯೋಜನವಿಲ್ಲ. ಕೇಸಿನಲ್ಲಿ ಒಂದೇ ಹೆಜ್ಜೆ, 486. ‘ಕಡೇಪಕ್ಷ ಒಂದು 9, ಕಡೇಪಕ್ಷ ಒಂದು 0, ಎರಡೂ ಇರಬೇಕು’ ಅಂತ ಕೇಳಿದರೆ ಕೇಸು ಹಳ್ಳ ಹಿಡಿಯುತ್ತದೆ. ಎಷ್ಟು 9, ಎಷ್ಟು 0 ಅಂತ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಕೂಡಿ ಕಳೆಯುವ ದಾರಿಯಲ್ಲಿ ಮಾತ್ರ ಒಂದೇ ಉಸಿರು: 9 ಇಲ್ಲದ್ದು 6561, 0 ಇಲ್ಲದ್ದು 6561, ಎರಡೂ ಇಲ್ಲದ್ದು 8×8×8×8 ಅಂದರೆ 4096. ಈ 4096 ಎರಡು ಸಲ ಕಳೆದುಹೋಗುತ್ತದೆ, ಒಂದು ಸಲ ವಾಪಸ್ ಕೂಡಿಸಬೇಕು. 10,000 − 6561 − 6561 + 4096, ಉತ್ತರ 974.

ಅಪಾರ್ಟ್‌ಮೆಂಟಿನ ಸಮಿತಿಗೆ ಕೇಸು ಮತ್ತು ಕಳೆಯುವುದು ಎರಡೂ ಹೆಚ್ಚು ಕಡಿಮೆ ಸಮ. ಕೇಸಿನಲ್ಲಿ ಮೂರು ಪದ, 60 + 20 + 1. ಕಳೆದರೆ 126 − 5 − 40 (ಹೆಂಗಸರೇ ಇಲ್ಲದವು 5, ಒಬ್ಬರೇ ಇರುವವು 40), ಅದರಲ್ಲೂ ಮೂರೇ. ಅಂಥ ಕಡೆ ನಾನಾದರೆ ಒಂದರಲ್ಲಿ ಮಾಡಿ ಇನ್ನೊಂದರಲ್ಲಿ ತಾಳೆ ನೋಡುತ್ತೇನೆ.

ಕೇಸಿನ ದೊಡ್ಡ ಗುಣ ಅಂದರೆ ಬರೆದ ಪ್ರತಿ ಹೆಜ್ಜೆಯೂ ಕಣ್ಣಿಗೆ ಕಾಣುವುದು. ದೋಷ ಅಂದರೆ ಒಂದು ಕೇಸು ಬಿಟ್ಟುಹೋದರೆ ಯಾರೂ ಎಚ್ಚರಿಸುವುದಿಲ್ಲ. ಆಮೇಲೆ, ಕೇಸುಗಳನ್ನು ‘ಸರಿಯಾಗಿ ಇಷ್ಟು’ ಅಂತಲೇ ಮಾಡಬೇಕು. ‘ಕಡೇಪಕ್ಷ ಇಷ್ಟು’ ಅಂತ ಮಾಡಿದರೆ ಒಂದರೊಳಗೊಂದು ಸೇರಿ ಮತ್ತೆ ಹಳೇ ಕಥೆ.

ಕೂಡಿ ಕಳೆಯುವ ದಾರಿಗೆ ಷರತ್ತು ಜಾಸ್ತಿಯಾದಷ್ಟೂ ಪದಗಳು ಬೆಳೆಯುತ್ತವೆ. ಮೂರು ಷರತ್ತಿಗೆ 7 ಪದ, ಐದಕ್ಕೆ 31. ಷರತ್ತುಗಳೆಲ್ಲ ಒಂದೇ ಥರ ಇದ್ದರೆ ಮಾತ್ರ ಪದಗಳು ಗುಂಪುಗುಂಪಾಗಿ ಬಂದು ಲೆಕ್ಕ ಚಿಕ್ಕದಾಗುತ್ತದೆ. ದೇವಸ್ಥಾನದ ಹೊರಗೆ ನಾಲ್ವರು ಚಪ್ಪಲಿ ಬಿಟ್ಟಿದ್ದಾರೆ. ಕರೆಂಟು ಹೋಗಿದೆ. ನಾಲ್ವರೂ ಬೇರೆಯವರ ಜೋಡಿ ಮೆಟ್ಟಿಕೊಂಡು ಹೋಗುವುದು ಎಷ್ಟು ವಿಧದಲ್ಲಿ? ಒಟ್ಟು 24. ಒಬ್ಬರಿಗೆ ತಮ್ಮದೇ ಸಿಕ್ಕಿದ್ದು 4×6, ಇಬ್ಬರಿಗೆ 6×2, ಮೂವರಿಗೆ 4×1, ನಾಲ್ವರಿಗೂ 1. ಕಳೆದು ಕೂಡಿದರೆ 24 − 24 + 12 − 4 + 1, ಅಂದರೆ 9. ಐವರಾದರೆ 44. 1708ರಲ್ಲಿ ಫ್ರಾನ್ಸಿನ ಗಣಿತಜ್ಞ ಮೊಂಮೋರ್ ಇದನ್ನು ಇಸ್ಪೀಟಿನ ಆಟದ ಲೆಕ್ಕವಾಗಿ ಎತ್ತಿಕೊಂಡಿದ್ದ. ಇಂಥ ಕಡೆ ಈ ದಾರಿಯನ್ನೇ ಹಿಡಿಯಿರಿ. ನಾಲ್ವರಾದರೆ ಕೇಸು ಮಾಡಿ ಹೇಗೋ ಗೆಲ್ಲಬಹುದು, ಹತ್ತು ಜನರಾದರೆ ಆಗದು.

ಸುತ್ತುವ ವಸ್ತುಗಳು

ದುಂಡು ಟೇಬಲ್ಲಿನ ಸುತ್ತ 5 ಜನ ಕೂರುವುದು ಸುಲಭ. ಒಂದೇ ಕೂರುವಿಕೆ ಐದು ಕಡೆಯಿಂದ ಐದು ಸಲ ಎಣಿಕೆಯಾಗಿರುತ್ತದೆ. 120 ಭಾಗಿಸು 5, ಉತ್ತರ 24. ಎಲ್ಲರೂ ಬೇರೆಬೇರೆ ಜನ, ಹಾಗಾಗಿ ಸಮಸಮ.

ಮಣಿಸರದಲ್ಲಿ ಹಾಗಲ್ಲ. ನಾಲ್ಕು ಮಣಿಯ ಒಂದು ಸುತ್ತು, ಪ್ರತಿ ಮಣಿ ಕರಿಮಣಿ ಇಲ್ಲವೇ ಹವಳ. ತಿರುಗಿಸಿದರೆ ಒಂದೇ ಆಗುವುದನ್ನು ಒಂದೇ ಅಂತ ಲೆಕ್ಕ. ಒಟ್ಟು 16, ನಾಲ್ಕು ಕಡೆ ತಿರುಗಿಸಬಹುದು, ಹಾಗಾದರೆ 16 ಭಾಗಿಸು 4, ಅಂದರೆ 4. ಅಚ್ಚುಕಟ್ಟಾದ ಪೂರ್ಣಾಂಕ. ಆದರೆ ತಪ್ಪು. ಕೈಯಲ್ಲೇ ಎಣಿಸಿ. ಎಲ್ಲ ಕರಿ, ಒಂದು ಹವಳ, ಅಕ್ಕಪಕ್ಕ ಎರಡು ಹವಳ, ಎದುರುಬದುರು ಎರಡು ಹವಳ, ಮೂರು ಹವಳ, ಎಲ್ಲ ಹವಳ. ಆರು. ಎಲ್ಲ ಕರಿಯಾದ ಸರ ತಿರುಗಿಸಿದರೂ ಒಂದೇ, ಅದು 16ರಲ್ಲಿ ಒಂದೇ ಸಲ ಬಂದಿದೆ. ಅದನ್ನೂ ನಾಲ್ಕರಿಂದ ಭಾಗಿಸಿಬಿಟ್ಟರೆ ಕಾಲು ಸರ ಉಳಿಯುತ್ತದೆ.

ಇದಕ್ಕಿರುವ ಮದ್ದು ಬರ್ನ್‌ಸೈಡ್ ಲೆಮ್ಮ. ಪ್ರತಿ ತಿರುಗಿಸುವಿಕೆಗೂ ಎಷ್ಟು ಸರ ಬದಲಾಗದೆ ಉಳಿಯುತ್ತವೆ ನೋಡಿ, ಅದರ ಸರಾಸರಿ ತೆಗೆಯಿರಿ. ತಿರುಗಿಸದೇ ಇದ್ದರೆ 16, ಕಾಲು ಸುತ್ತಿಗೆ 2, ಅರ್ಧ ಸುತ್ತಿಗೆ 4, ಮುಕ್ಕಾಲು ಸುತ್ತಿಗೆ 2. ಒಟ್ಟು 24, ಭಾಗಿಸು 4, ಉತ್ತರ 6. ಗಣಿತಜ್ಞ ಬರ್ನ್‌ಸೈಡ್ 1897ರಲ್ಲಿ ಇದನ್ನು ಬರೆಯುವಾಗ ಶ್ರೇಯ ಕೊಟ್ಟದ್ದು ಜರ್ಮನಿಯ ಗಣಿತಜ್ಞ ಫ್ರೋಬೇನಿಯಸ್‌ಗೆ. ಫ್ರಾನ್ಸಿನ ಗಣಿತಜ್ಞ ಕೋಶಿಗೆ ಅದಕ್ಕೂ ಮೊದಲೇ ಗೊತ್ತಿತ್ತು. ಹೆಸರು ಮಾತ್ರ ಬರ್ನ್‌ಸೈಡ್‌ಗೆ ಅಂಟಿಕೊಂಡಿತು, ಇರಲಿ. ಪಿಯುಸಿ ಮಟ್ಟಕ್ಕೆ ಇದು ಬೇಡ. ಒಲಿಂಪಿಯಾಡ್‌ಗೆ ಓದುವವರು ಕಲಿತರೆ ಉಪಯೋಗವಾಗುತ್ತದೆ.

ಪ್ರೋಗ್ರಾಂ ಬರೆದುಬಿಡುವುದು

ಬೆಂಗಳೂರಿನಲ್ಲಿ ಈ ಆಯ್ಕೆ ಬಿಟ್ಟರೆ ಬೈಸಿಕೊಳ್ಳಬೇಕಾಗುತ್ತದೆ. ಎಲ್ಲ ಜೋಡಣೆ ಹುಟ್ಟಿಸಿ, ಸೆಟ್‌ಗೆ ಹಾಕಿ, ಎಷ್ಟಿದೆ ಅಂತ ಕೇಳಿದರೆ ಮುಗಿಯಿತು. ಸೆಟ್‌ನಲ್ಲಿ ಒಂದೇ ವಸ್ತು ಎರಡು ಸಲ ಇರುವುದಿಲ್ಲ. ಸಮಸಮ ಇದೆಯಾ ಇಲ್ಲವಾ ಅನ್ನುವ ಯೋಚನೆಯೇ ಬೇಡ.

ಆದರೂ ಒಂದು ಗುಂಡಿ ಇದೆ. ಪೈಥಾನ್‌ನ ಪರ್ಮ್ಯುಟೇಶನ್ಸ್ ಫಂಕ್ಷನ್‌ಗೆ ‘ಕನಕಪುರ’ ಅಂತ ನೇರವಾಗಿ ಸ್ಟ್ರಿಂಗ್ ಕೊಟ್ಟು ನೋಡಿ. 120 ಬರಬೇಕಿತ್ತು, 720 ಬರುತ್ತದೆ. ಯಾಕೆಂದರೆ ನಮಗೆ ‘ಪು’ ಒಂದು ಅಕ್ಷರ, ಯೂನಿಕೋಡ್‌ಗೆ (ಕಂಪ್ಯೂಟರ್ ಅಕ್ಷರಗಳನ್ನು ಬರೆದಿಡುವ ಪದ್ಧತಿ) ‘ಪ’ ಮತ್ತು ಕೊಂಬು ಎರಡು ತುಂಡು. ಆ ಕೊಂಬು ಒಮ್ಮೆ ‘ನ’ಗೆ ಅಂಟಿಕೊಳ್ಳುತ್ತದೆ, ಒಮ್ಮೆ ಪದದ ಮೊದಲಲ್ಲೇ ಒಂಟಿಯಾಗಿ ನೇತಾಡುತ್ತದೆ. ಸೆಟ್‌ಗೆ ಹಾಕಿದರೆ 360. ಅದೂ ತಪ್ಪೇ. ಐದು ಅಕ್ಷರವನ್ನು ಐದು ಬಿಡಿ ಅಂಶಗಳ ಲಿಸ್ಟ್ ಮಾಡಿ ಕೊಡಿ. ಆಗ 120, ಸೆಟ್‌ನಲ್ಲಿ 60.

ಎರಡನೆಯ ತೊಂದರೆ ಗಾತ್ರ. 10 ಅಕ್ಷರಕ್ಕೆ 36,28,800 ಜೋಡಣೆ, ಲ್ಯಾಪ್‌ಟಾಪ್ ತಡೆದುಕೊಳ್ಳುತ್ತದೆ. 12ಕ್ಕೆ 47,90,01,600. ಅಷ್ಟನ್ನೂ ಸೆಟ್‌ಗೆ ತುಂಬಲು ಹೋದರೆ ಮೆಮೊರಿ ಮುಗಿದು ಯಂತ್ರವೇ ಮಲಗುತ್ತದೆ. ಇಂಟರ್‌ವ್ಯೂನಲ್ಲಿ ಎದುರಿಗೆ ಕೂತವರು ಕೇಳುವುದು ಇದನ್ನೇ: ಹುಟ್ಟಿಸಿ ಎಸೆಯುವ ಬದಲು ಹುಟ್ಟಿಸದೇ ಇರುವುದು ಹೇಗೆ? ಉತ್ತರ ಮತ್ತೆ ಕ್ರಮ ಕಟ್ಟುವುದೇ. ಮೊದಲು ಸಾರ್ಟ್ ಮಾಡಿ. ಒಂದೇ ಥರದ ಎರಡು ಅಕ್ಷರ ಇದ್ದರೆ, ಮೊದಲನೆಯದನ್ನು ಬಳಸದೆ ಎರಡನೆಯದನ್ನು ಬಳಸುವಂತಿಲ್ಲ ಅಂತ ಒಂದು ಸಾಲು ಸೇರಿಸಿ. ಸಿ ಪ್ಲಸ್ ಪ್ಲಸ್‌ನ ನೆಕ್ಸ್ಟ್ ಪರ್ಮ್ಯುಟೇಶನ್ ಫಂಕ್ಷನ್‌ಗೆ ಸಾರ್ಟ್ ಮಾಡಿ ಕೊಟ್ಟರೆ ಅದೂ ಪುನರಾವರ್ತನೆ ಇಲ್ಲದೆಯೇ ನಡೆಯುತ್ತದೆ. ಡೇಟಾಬೇಸ್‌ನಲ್ಲಿ ಜೋಡಿ ಹುಡುಕುವಾಗ ಮೊದಲ ಐಡಿ ಎರಡನೆಯದಕ್ಕಿಂತ ಚಿಕ್ಕದಿರಬೇಕು ಅಂತ ಹಾಕುತ್ತೀರಲ್ಲ, ಅದೂ ಇದೇ ವಿದ್ಯೆ. 10 ಜನರಿಗೆ 90 ಬರುವ ಬದಲು 45 ಬರುತ್ತದೆ.

ಹಾಗಾದರೆ ಯಾರಿಗೆ ಯಾವುದು

ಸಿಇಟಿ ಬರೆಯುವವರು ಭಾಗಿಸುವುದು ಮತ್ತು ಕಳೆಯುವುದು, ಇವೆರಡನ್ನು ಕಣ್ಣು ಮುಚ್ಚಿಕೊಂಡು ಮಾಡುವಷ್ಟು ರೂಢಿ ಮಾಡಿಕೊಳ್ಳಿ. 80 ಸೆಕೆಂಡಿನಲ್ಲಿ ಮುಗಿಯುವುದು ಅವೇ. ಭಾಗಿಸುವ ಮುಂಚೆ ಒಂದು ಸಾಧಾರಣ ಉದಾಹರಣೆ, ಒಂದು ವಿಚಿತ್ರ ಉದಾಹರಣೆ ತಗೊಂಡು ಎಷ್ಟು ಸಲ ಬಂದಿವೆ ನೋಡಿ. ಪಾರ್ಸೆಲ್‌ನಲ್ಲಿ ವಿಚಿತ್ರ ಅಂದರೆ ಮೂರೂ ಇಡ್ಲಿ. ಸರದಲ್ಲಿ ಎಲ್ಲ ಕರಿಮಣಿ. ಎರಡರದೂ ಒಂದೇ ಸಂಖ್ಯೆ ಬಂದರೆ ಭಾಗಿಸಿ. ಇದಕ್ಕೆ ಹತ್ತು ಸೆಕೆಂಡು ಸಾಕು.

ಜೆಇಇಗೆ ಕೂರುವವರು ಕೇಸಿಗೆ ಸ್ವಲ್ಪ ಜಾಸ್ತಿ ಸಮಯ ಕೊಡಿ. ತಪ್ಪಿದರೆ ಅಂಕ ಹೋಗುವ ಕಡೆ ನಿಧಾನವೇ ಅಗ್ಗ. ಎರಡು ದಾರಿಯಲ್ಲೂ ಒಂದೇ ಉತ್ತರ ಬಂದರೆ ಗುರುತು ಹಾಕಿ, ಇಲ್ಲದಿದ್ದರೆ ಮುಂದಿನ ಪ್ರಶ್ನೆಗೆ ಹೋಗಿ.

ಒಲಿಂಪಿಯಾಡ್ ಮಕ್ಕಳಿಗೆ ಕ್ರಮ ಕಟ್ಟುವುದು ಮತ್ತು ಕೂಡಿ ಕಳೆಯುವುದು ಮುಖ್ಯ. ಅಲ್ಲಿ ಆಯ್ಕೆಗಿಂತ ವಿವರಣೆಗೆ ಬೆಲೆ, ‘ಒಂದು ವಸ್ತುವಿಗೆ ಒಂದೇ ಬರಹ’ ಅಂತ ತೋರಿಸಿದರೆ ಅದೇ ಪುರಾವೆಯಾಗುತ್ತದೆ.

ಪಾಠ ಹೇಳುವವರಿಗೆ, ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮಗು 126 ಅಂತ ಬರೆದಾಗ ‘ತಪ್ಪು, 81’ ಅಂದುಬಿಡಬೇಡಿ. ಸುಮಾ, ಲತಾ, ರೇಖಾ, ರಘು ಸಮಿತಿ ಎಷ್ಟು ಸಲ ಬಂತು ಅಂತ ಹುಡುಕಲು ಹೇಳಿ. ಹತ್ತು ಫಾರ್ಮುಲಾ ಉರು ಹೊಡೆಸುವುದಕ್ಕಿಂತ ಅದು ವಾಸಿ.

ಉತ್ತರದ ಮೇಲೆ ಅನುಮಾನ ಇದ್ದರೆ ಸಂಖ್ಯೆಗಳನ್ನು ಚಿಕ್ಕದು ಮಾಡಿ ಅದೇ ದಾರಿಯಲ್ಲಿ ಹೋಗಿ. ಮೂರು ಪ್ಲೇಟಿನ ಬದಲು ಎರಡು ಪ್ಲೇಟು, ಐದು ತಿಂಡಿಯ ಬದಲು ಎರಡು ತಿಂಡಿ. ಇಡ್ಲಿ–ಇಡ್ಲಿ, ಇಡ್ಲಿ–ವಡೆ, ವಡೆ–ವಡೆ, ಮೂರೇ. ಸೂತ್ರ 3 ಕೊಡದೆ 2 ಕೊಟ್ಟರೆ ಅದನ್ನು ಅಲ್ಲೇ ಬಿಡಿ.

ಒಂದು ಲೆಕ್ಕ ನಿಮಗೆ. ‘ಕನಕನಗರ’ದ ಅಕ್ಷರಗಳನ್ನು, ಎರಡು ‘ಕ’ ಅಕ್ಕಪಕ್ಕ ಬರದಂತೆ, ಎರಡು ‘ನ’ ಕೂಡ ಅಕ್ಕಪಕ್ಕ ಬರದಂತೆ, ಎಷ್ಟು ವಿಧದಲ್ಲಿ ಜೋಡಿಸಬಹುದು? ಎರಡು ಷರತ್ತು, ಒಂದರ ಮೇಲೊಂದು ಬೀಳುತ್ತವೆ. ಯಾವ ದಾರಿ ಅಂತ ನೀವೇ ಆರಿಸಿ. ಒಟ್ಟು 180, ‘ಕಕ’ ಅಂಟಿದ್ದು 60, ‘ನನ’ ಅಂಟಿದ್ದು 60, ಎರಡೂ ಅಂಟಿದ್ದು 24. ನಿಮಗೆ 84 ಬರಬೇಕು. 60 ಬಂದಿದ್ದರೆ ಆ 24ನ್ನು ಎರಡು ಸಲ ಕಳೆದು ಒಂದು ಸಲವೂ ವಾಪಸ್ ಕೂಡಿಸಿಲ್ಲ ನೀವು, 36 ಬಂದಿದ್ದರೆ ಕೂಡಿಸುವ ಬದಲು ಇನ್ನೊಮ್ಮೆ ಕಳೆದಿದ್ದೀರಿ.